ವಾಸನೆ ಹುಡುಕಿಕೊಂಡು ಒಂಟೆಯ ಬಳಿಗೆ

ಆ ವರ್ಷ ದೀಪಾವಳಿ ಮುಗಿದು ಹದಿನೈದು ದಿನ ಆಗಿರಬೇಕು, ನಾನು ಒಬ್ಬಳೇ ಪ್ರಾಣಿಗಳ ಪಾರ್ಕಿಗೆ ಹೋದೆ. ಐವತ್ತಾರು ವರ್ಷದ ಹೆಂಗಸು, ಜೊತೆಗೆ ಮಕ್ಕಳು ಮರಿ ಯಾರೂ ಇಲ್ಲ, ಕೈಯಲ್ಲಿ ಊಟದ ಡಬ್ಬಿ ಹಿಡಿದುಕೊಂಡು ಮೊಲ, ಬಾತುಕೋಳಿ ನೋಡಲು ಹೊರಟಳೆಂದರೆ ಯಾರಾದರೂ ನಗುತ್ತಾರೆ. ನಗಲಿ. ನಾನು ನೋಡಲು ಹೋಗಿದ್ದಲ್ಲ, ಮೂಸಲು ಹೋಗಿದ್ದೆ.

ಸೆಪ್ಟೆಂಬರಿನಲ್ಲಿ ನನಗೆ ಒಂಬತ್ತು ದಿನ ಜ್ವರ ಬಂದಿತ್ತು. ಅದಕ್ಕೂ ಮೊದಲು ನಮ್ಮ ಮನೆಯವರಿಗೆ ಎರಡು ದಿನ ನೆಗಡಿ. ಅದು ಯಾವ ಜ್ವರ ಎಂದು ಇಬ್ಬರಿಗೂ ಗೊತ್ತಿತ್ತು, ಆದರೆ ಟೆಸ್ಟ್ ಮಾಡಿಸಲಿಲ್ಲ. ಮಾಳಮಡ್ಡಿಯಲ್ಲಿ ನಮ್ಮ ಓಣಿಯದೇ ಒಂದು ಮನೆಯ ಮುಂದೆ ಬೋರ್ಡು ಹಚ್ಚಿ, ಪಟ್ಟಿ ಕಟ್ಟಿ, ಆಂಬುಲೆನ್ಸು ತಂದು ನಿಲ್ಲಿಸಿದಾಗ ಎದುರಿನ ಮಾಳಿಗೆಗಳ ಮೇಲೆ ಜನ ನಿಂತು ನೋಡಿದ್ದರು. ಆ ಜನರಲ್ಲಿ ನಾನೂ ಇದ್ದೆ. ಹಾಲಿನವನು ಆ ಮನೆಯ ಪಾಕೀಟನ್ನು ಓಣಿಯ ತುದಿಯಲ್ಲೇ ಇಟ್ಟು ಹೋಗುತ್ತಿದ್ದ. ಹೀಗಾಗಿ ನಮಗೆ ಜ್ವರ ಬಂದಾಗ ಹವಾ ಬದಲಾಗಿದೆ ಅಂದೆವು, ಬಾಗಿಲು ಹಾಕಿಕೊಂಡು ಮಲಗಿದೆವು. ನನ್ನ ಚಟ್ನಿಪುಡಿಯ ಗಿರಾಕಿಗಳಿಗೆ, ಪೇಟೆಯಲ್ಲಿ ಒಳ್ಳೆಯ ಗುರೆಳ್ಳು ಸಿಗುತ್ತಿಲ್ಲ, ಮೂರು ವಾರ ಪುಡಿ ಇಲ್ಲ ಎಂದು ತಿಳಿಸಿದೆ. ಸುಳ್ಳು ಹೇಳುವುದರಲ್ಲಿ ನಾನು ಯಾರಿಗೂ ಕಡಿಮೆ ಇಲ್ಲ.

ಜ್ವರ ಹೋಯಿತು. ಹೋಗುವಾಗ ನನ್ನ ಮೂಗನ್ನೂ ತೆಗೆದುಕೊಂಡು ಹೋಯಿತು.

ಮೂವತ್ತು ವರ್ಷದಿಂದ ನಾನು ಮನೆಯಲ್ಲಿ ಚಟ್ನಿಪುಡಿ ಮಾಡಿ ಕೊಡುತ್ತೇನೆ. ಶೇಂಗಾ, ಅಗಸಿ, ಗುರೆಳ್ಳು. ಹೆಸರು ಬಂದದ್ದು ಗುರೆಳ್ಳಿನಿಂದ. ಶೇಂಗಾ ಹುರಿಯುವುದಕ್ಕೆ ಕಣ್ಣು ಸಾಕು, ಕೆಂಪಗಾದರೆ ಇಳಿಸಿದರಾಯಿತು. ಗುರೆಳ್ಳು ಮೊದಲೇ ಕರಿಯ ಕಾಳು, ಹಸಿಯಿದ್ದರೂ ಕಪ್ಪು, ಹದವಾದರೂ ಕಪ್ಪು, ಹೊತ್ತಿ ಹೋದರೂ ಕಪ್ಪು. ಅದರ ಹದವನ್ನು ಮೂಗೇ ಹೇಳಬೇಕು. ಬಾಣಲೆಯಿಂದ ಒಂದು ಕ್ಷಣ ಎಣ್ಣೆಯ ಕಂಪು ಮೇಲೆದ್ದು ಬರುತ್ತದೆ, ಆಗಲೇ ಇಳಿಸಬೇಕು. ನಮ್ಮತ್ತೆ ನನಗೆ ಕಲಿಸಿದ್ದು ಇದೊಂದನ್ನೇ, ಉಳಿದ ವಿಷಯಗಳಲ್ಲಿ ಅವರು ನನ್ನನ್ನು ಮನುಷ್ಯಳೆಂದು ಗಣಿಸಿರಲಿಲ್ಲ.

ಈಗ ಆ ಕಂಪು ಬರುವುದೇ ನಿಂತಿತ್ತು. ನಾಲಗೆಗೂ ಖಾರದ ಉರಿ ಒಂದು ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಮೊಬೈಲಿನಲ್ಲಿ ನಿಮಿಷ ಹಚ್ಚಿ, ಅಂದಾಜಿನ ಮೇಲೆ ಹುರಿದೆ. ಪುಡಿ ಮಾಡಿ ಮನೆಮನೆಗೆ ಕಳಿಸಿದೆ. ಎಲ್ಲರೂ "ಛಲೋ ಆಗೇದ್ರಿ" ಅಂದರು. ಆ ಮಾತಿಗೆ ಏನು ಬೆಲೆ ಎಂದು ನನಗೆ ಗೊತ್ತು. ನಮ್ಮ ಕಡೆಯ ಜನ ಭಾರಿ ಸಭ್ಯರು. ಹಾಡು ಬೇಸೂರಾದರೂ ತಲೆದೂಗುತ್ತಾರೆ, ಚಹಾ ತಣ್ಣಗಾಗಿದ್ದರೂ ಹೊಗಳಿ ಕುಡಿಯುತ್ತಾರೆ. ನಮ್ಮ ಮನೆಯವರಂತೂ ದಿನಾ ಊಟಕ್ಕೆ ಕೂತಾಗ ಪುಡಿಯ ಮೇಲೆ ಎಣ್ಣೆ ಹಾಕಿಕೊಂಡು "ಘಮ್ ಅಂತದ" ಅನ್ನುತ್ತಿದ್ದರು. ಮೂಗು ಹೋದದ್ದನ್ನು ಅವರಿಗೂ ನಾನು ಹೇಳಿರಲಿಲ್ಲ. ಹೇಳಿದರೆ, ಇನ್ನು ಸಾಕು, ಪುಡಿ ಮಾಡೋದು ನಿಲ್ಲಿಸು ಅಂತಾರೆಂದು ಹೆದರಿಕೆ. ಆ ಕೆಲಸ ತೆಗೆದರೆ ನನ್ನಲ್ಲಿ ಏನು ಉಳಿಯುತ್ತದೆ?

ಅವರು ಆಫೀಸಿಗೆ ಹೋದ ಮೇಲೆ ಮನೆಯಲ್ಲಿದ್ದುದನ್ನೆಲ್ಲ ಮೂಸಿ ನೋಡಿದೆ. ಇಂಗು, ಕರ್ಪೂರ, ಫಿನೈಲು, ಅವರ ಸಾಕ್ಸು. ಯಾವುದರ ವಾಸನೆಯೂ ಇಲ್ಲ. ಆಗ ನೆನಪಾದದ್ದು, ನಾನು ಸಣ್ಣವಳಿದ್ದಾಗ ಹುಬ್ಬಳ್ಳಿಗೆ ಬಂದಿದ್ದ ಸರ್ಕಸ್ಸು. ಡೇರೆಯ ಒಳಗೆ ಕಾಲಿಡುವ ಮೊದಲೇ ಪ್ರಾಣಿಗಳ ನಾತ ಮುಖಕ್ಕೆ ಬಡಿದಿತ್ತು, ಹುಲಿ ಕಂಡದ್ದು ಆಮೇಲೆ. ಅಂಥ ವಾಸನೆಯೇ ಮೂಗಿನ ಬಾಗಿಲು ಒಡೆದು ಒಳಗೆ ಬರಬೇಕು, ಇಂಗಿನ ಕೈಯಲ್ಲಿ ಆಗುವ ಕೆಲಸವಲ್ಲ ಅನ್ನಿಸಿತು. ನಮ್ಮೂರ ಹೊರಗಿನ ಬೇಲೂರು ಕೈಗಾರಿಕಾ ಪ್ರದೇಶ ದಾಟಿದ ಮೇಲೆ ಪ್ರಾಣಿಗಳದೊಂದು ಪಾರ್ಕು ಇತ್ತು, ಬೀಗ ಹಾಕಿದ್ದು ಆಗಷ್ಟೇ ತೆರೆದಿತ್ತು. ನಮ್ಮವರ ಆಫೀಸೂ ಅದೇ ದಾರಿಯಲ್ಲಿದ್ದ ಒಂದು ಕಾರ್ಖಾನೆಯಲ್ಲಿ. ಬೆಳಿಗ್ಗೆ ಬಿಟ್ಟು ಹೋಗಿ, ಸಂಜೆ ಕರೆದುಕೊಂಡು ಬನ್ನಿ ಅಂದೆ.

"ಒಬ್ಬಾಕೀನ ಹೋಗಿ ಏನ ಮಾಡ್ತೀ? ಪ್ರಾಣಿಗಳ ಜೋಡಿ ಮಾತಾಡ್ತೀಯೇನು?" ಅಂದರು.

"ಎಂಟ ತಿಂಗಳಿಂದ ಮನ್ಯಾಗ ನಿಮ್ಮ ಜೋಡಿ ಮಾತಾಡೇನಲ್ಲ, ರೂಢಿ ಅದ" ಅಂದೆ.

ಗೇಟಿನಲ್ಲಿ ಸಿಮೆಂಟಿನ ಆನೆಯೊಂದಿತ್ತು, ಅದರ ಸೊಂಡಿಲಿಗೂ ನೀಲಿ ಬಟ್ಟೆಯ ಮಾಸ್ಕ್ ಕಟ್ಟಿದ್ದರು. ಕಾವಲುಗಾರ ನನ್ನ ಹಣೆಗೆ ಪಿಸ್ತೂಲು ಹಿಡಿದಂತೆ ಯಂತ್ರ ಹಿಡಿದು ಜ್ವರ ನೋಡಿದ, ನನ್ನ ಹಿಂದೆ ಇನ್ನಾರಾದರೂ ಇದ್ದಾರೇನೋ ಎಂದು ಇಣುಕಿದ. ಯಾರೂ ಇರಲಿಲ್ಲ. ಬುಧವಾರ, ಅದರಲ್ಲೂ ಆ ಕಾಲ. ಒಳಗೆ ನೆಲದ ಮೇಲೆ ಆರು ಅಡಿಗೊಂದು ಬಿಳಿ ದುಂಡು ಬರೆದಿದ್ದರು. ನಾನೊಬ್ಬಳೇ ಆ ದುಂಡುಗಳ ಮೇಲೆ ಕುಂಟೆಬಿಲ್ಲೆ ಆಡುವವಳ ಹಾಗೆ ನಡೆದೆ. ಧ್ವನಿವರ್ಧಕದಲ್ಲಿ ಒಬ್ಬಾಕೆ ಐದು ನಿಮಿಷಕ್ಕೊಮ್ಮೆ "ಮುದ್ದು ಮಕ್ಕಳೇ, ನಿಮಗೆಲ್ಲ ಸ್ವಾಗತ" ಅನ್ನುತ್ತಿದ್ದಳು. ಮಕ್ಕಳಿಗಾಗಿ ಬರೆದು, ಅಂಟಿಸಿ, ಕಟ್ಟಿ ಇಟ್ಟಿದ್ದ ಎಲ್ಲವೂ ನನ್ನೊಬ್ಬಳ ಕಡೆ ನೋಡುತ್ತಿದ್ದವು. ನನಗೆ ಸುಮ್ಮನೆ ನಾಚಿಕೆಯಾಯಿತು.

ಎಮು, ಟರ್ಕಿ ಕೋಳಿ, ಮೊಲ ಎಲ್ಲ ದಾಟಿ ನೇರ ಒಂಟೆಯ ಹತ್ತಿರ ಹೋದೆ. ಅದು ಬೇಲಿಯ ಆಚೆ ನಿಂತು ಮೆಲುಕು ಹಾಕುತ್ತಿತ್ತು, ಮೈಯೆಲ್ಲ ಮಣ್ಣು, ಬಾಯಲ್ಲಿ ನೊರೆ. ಇಷ್ಟು ಕೊಳಕು ಪ್ರಾಣಿ ನನಗೆ ಮೋಸ ಮಾಡಲಾರದು ಅಂದುಕೊಂಡೆ. ಮಾಸ್ಕ್ ಕೆಳಗೆ ಎಳೆದು, ಬೇಲಿಯ ಮೇಲೆ ಬಗ್ಗಿ, ಉಸಿರು ಒಳಗೆ ತೆಗೆದುಕೊಂಡೆ. ತಣ್ಣನೆಯ ಗಾಳಿ ಬಂತು, ಅಷ್ಟೇ. ಒಂಟೆ ಕತ್ತು ನೀಡಿ ನನ್ನನ್ನು ಮೂಸಿ ನೋಡಿತು. ಅದಕ್ಕೆ ಏನೋ ತಿಳಿದಿರಬೇಕು, ಮುಖ ತಿರುಗಿಸಿತು. ಅಷ್ಟರಲ್ಲಿ ದೂರದಿಂದ ಸೀಟಿ.

"ಮಾಸ್ಕ್ ಹಾಕೋರಿ! ಮಾಸ್ಕ್!"

ಇಡೀ ಪಾರ್ಕಿನಲ್ಲಿ ನನ್ನ ಮಾಸ್ಕೊಂದನ್ನು ಕಾಯುವುದೇ ಆ ಕಾವಲುಗಾರನಿಗೆ ಕೆಲಸವಾಗಿತ್ತು. ಅವನ ಕಣ್ಣು ತಪ್ಪಿಸಿ ಕುದುರೆ ಲಾಯದ ಹಿಂದೆ ಹೋದೆ. ಅಲ್ಲಿ ಲದ್ದಿಯ ದೊಡ್ಡ ಗುಡ್ಡೆ, ಸುತ್ತ ನೊಣ. ಒಳ್ಳೆಯದಾಯಿತು ಎಂದು ಅದರ ಬದಿಯಲ್ಲೇ ನಿಂತು, ಕಣ್ಣು ಮುಚ್ಚಿ, ಒಂದು, ಎರಡು, ಮೂರು ಉಸಿರು ಎಳೆದೆ.

"ಅಕ್ಕಾರ, ಅಲ್ಲ್ಯಾಕ ನಿಂತೀರಿ? ಈ ಕಡಿ ಬರ್ರಿ. ನಾಕ ದಿನದ ಲದ್ದಿ ಅದು. ನಮಗ ತಡಕೊಳ್ಳಾಕ ಆಗವಲ್ದು."

ಬುಟ್ಟಿ, ಸಲಿಕೆ ಹಿಡಿದ ಹೆಂಗಸು, ನಲವತ್ತರ ಆಸುಪಾಸು. ಲಾಯ ಬಳಿಯುವವಳು. ನಾನು ಗಡಿಬಿಡಿಯಿಂದ "ಹೌದೌದು, ಭಾಳ ನಾರತದ" ಎಂದು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅವಳ ಮುಖದ ಮೇಲೆ ಸಂಶಯ ಬಂತು.

ಊಟದ ಹೊತ್ತಿಗೆ ಇಬ್ಬರೂ ಒಂದೇ ಕಟ್ಟೆಯ ಎರಡು ತುದಿಗೆ ಕೂತೆವು. ಅವಳು ಅಮ್ಮಿನಬಾವಿಯವಳು, ದಿನಾ ಎರಡು ಬಸ್ಸು ಬದಲಿಸಿ ಬರುತ್ತಾಳೆ. ಲಾಕ್‌ಡೌನಿನಲ್ಲಿ ಬಸ್ಸು ಇಲ್ಲದಾಗ ಮಾಲೀಕರು ಇಲ್ಲೇ ಇರಲು ಒಂದು ಕೋಲಿ ಕೊಟ್ಟಿದ್ದರಂತೆ, ಎರಡು ತಿಂಗಳು ಮನೆ ಮಂದಿಯ ಮುಖ ನೋಡದೆ ಕುದುರೆಗಳ ಜೊತೆಯೇ ಇದ್ದಳಂತೆ. ಅವಳ ಡಬ್ಬಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ನನ್ನ ಡಬ್ಬಿಯಲ್ಲಿ ಚಪಾತಿ, ಮೊಸರು, ಗುರೆಳ್ಳು ಪುಡಿ. ಆಗ ನನಗೆ ಥಟ್ಟನೆ ಹೊಳೆಯಿತು, ಈಕೆಗೆ ನಾನು ಯಾರೂ ಅಲ್ಲ. ನನ್ನನ್ನು ಹೊಗಳಬೇಕಾದ ಹಂಗು ಇವಳಿಗಿಲ್ಲ. ಒಂದು ಕಾಗದದ ಮೇಲೆ ಪುಡಿ ಹಾಕಿ ಕಟ್ಟೆಯ ನಡುವೆ ಇಟ್ಟು, ಹಿಂದೆ ಸರಿದು ಕೂತೆ. 

ಅವಳು ರೊಟ್ಟಿಯ ತುಣುಕಿಗೆ ಪುಡಿ ಹಚ್ಚಿ ಬಾಯಿಗೆ ಹಾಕಿಕೊಂಡಳು. ಅಗಿಯುವುದು ನಿಧಾನವಾಯಿತು. ನೀರು ಕುಡಿದಳು.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಗುರೆಳ್ಳ ಹೊತ್ತ್ಯಾವ್ರಿ."

ಸಿಟ್ಟೇ ಬಂತು. "ಗುರೆಳ್ಳಿನ ಬಣ್ಣಾನ ಹಂಗ ಇರ್ತದ" ಅಂದೆ, ಧ್ವನಿ ಏರಿತ್ತು.

"ಬಣ್ಣ ಅಲ್ರಿ, ಕಹಿ ಆಗೈತಿ. ಮೂಗಿಗೆ ಹಿಡದ್ರನ ತಿಳಿತೈತಲ್ರಿ?"

ಅವಳು ಕೇಳಿದ್ದು ಸಹಜವಾಗಿ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಗಂಡನಿಗೆ ಹೇಳದ್ದನ್ನು, ಹತ್ತು ನಿಮಿಷದ ಪರಿಚಯದ ಅವಳ ಮುಂದೆ ಹೇಳಿದೆ. ಜ್ವರ ಬಂದದ್ದು, ಮುಚ್ಚಿಟ್ಟದ್ದು, ಮೂಗು ಹೋದದ್ದು, ಹೊತ್ತಿದ ಪುಡಿಯನ್ನು ಊರಿಗೆಲ್ಲ ತಿನ್ನಿಸಿದ್ದು. ಅವಳು ಕೂಡಲೇ ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು "ಯಾವಾಗ ಬಂದಿತ್ರಿ ಜ್ವರ?" ಅಂದಳು. ಎರಡೂವರೆ ತಿಂಗಳಾಯಿತು ಅಂದೆ. "ಹಂಗಾರ ಬಿಡ್ರಿ" ಎಂದು ಸೆರಗು ಇಳಿಸಿ ರೊಟ್ಟಿ ಮುರಿದಳು.

ಆಮೇಲೆ ಅವಳು ಹೇಳಿದ್ದು ಇಷ್ಟು. "ನಮ್ಮತ್ತೀಗೆ ಕಣ್ಣ ಕಾಣಂಗಿಲ್ರಿ. ರೊಟ್ಟಿ ಈಗೂ ಆಕೀನ ಬಡೀತಾಳ. ನಾ ಮಗ್ಗಲದಾಗ ಕುಂತು, ಹೊಳ್ಳಿಸು, ಸಾಕು, ತಗಿ ಅಂತ ಹೇಳ್ತೇನಿ. ಅದರಾಗೇನ್ರಿ ನಾಚಿಕಿ?"

ಮಧ್ಯಾಹ್ನವೆಲ್ಲ ಅವಳ ಹಿಂದೆ ತಿರುಗಿದೆ. ಅವಳು ಬುಟ್ಟಿ ಹೊತ್ತು ಒಂದೊಂದು ಬೇಲಿಯ ಹತ್ತಿರ ನಿಂತಾಗ, ಇಲ್ಲಿ ಎಂಥ ವಾಸನೆ ಎಂದು ಕೇಳುತ್ತಿದ್ದೆ. ಮೊಲದ್ದು ಹಸಿ ಹುಲ್ಲು ಕೊಳೆತ ಹಾಗೆ. ಬಾತುಕೋಳಿಯ ಹೊಂಡದ್ದು ಹಳೆಯ ಕೆಸರು. ಒಂಟೆಯದು ಹೇಳಬಾರದ್ದು. ಅವಳು ನಗುತ್ತ ಹೇಳುತ್ತಿದ್ದಳು, ನಾನು ನೆನಪಿನಿಂದ ಆ ವಾಸನೆಯನ್ನು ಹುಡುಕಿ ತೆಗೆಯುತ್ತಿದ್ದೆ. ಮೂಗಿಗೆ ಏನೂ ಬರಲಿಲ್ಲ, ಆದರೆ ಮನಸ್ಸು ಎಷ್ಟೋ ಹಗುರಾಯಿತು. ಹುರಿಯುವ ಕೈ ನನ್ನದೇ ಇದೆ, ಪಕ್ಕದಲ್ಲಿ ಕೂತು ಸಾಕು ಅನ್ನುವ ಒಂದು ಮೂಗು ಬೇಕು, ಅಷ್ಟೇ. ಮನೆಯಲ್ಲೇ ಒಂದು ಮೂಗಿದೆಯಲ್ಲ! ಸ್ಟೂಲು ಹಾಕಿ ಅವರನ್ನು ಒಲೆಯ ಹತ್ತಿರ ಕೂರಿಸಬೇಕು, ನನ್ನ ಮೇಲಿನ ಕನಿಕರಕ್ಕೆ ಘಮ್ ಅನ್ನುವುದನ್ನು ಬಿಡಿಸಬೇಕು ಎಂದು ಲೆಕ್ಕ ಹಾಕಿದೆ. ಮರುದಿನವೇ ಒಂದೊಂದು ಮನೆಗೂ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳುವುದೆಂದೂ ತೀರ್ಮಾನಿಸಿದೆ.

ಸಂಜೆ ಐದೂಕಾಲಿಗೆ ನಮ್ಮವರು ಕಾರು ತಂದರು. ಹತ್ತಿ ಕೂತವಳೇ ಎಲ್ಲ ಹೇಳಿದೆ. ಅವರು ಸ್ವಲ್ಪ ದೂರ ಓಡಿಸಿ, ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿದರು. ಬೈಯುತ್ತಾರೆ ಅಂದುಕೊಂಡೆ.

"ನನಗೂ ಬರೂದಿಲ್ಲ" ಅಂದರು.

"ಏನು?"

"ವಾಸನಿ. ನಿನ್ನಕಿಂತ ಮೊದಲ ಹೋಗೇದ. ಕಾರ್ಖಾನ್ಯಾಗಿಂದ ನಾನ ತಂದು ನಿನಗ ಹಚ್ಚಿದೆ. ಅದನ್ನ ಯಾವ ಬಾಯಿಲೆ ಹೇಳ್ಲಿ?"

"ಮತ್ತ ದಿನಾ ಘಮ್ ಅಂತದ ಅಂತಿದ್ರಲ್ಲ?"

"ನೀ ನನ್ನ ಮುಖಾನ ನೋಡ್ಕೋತ ನಿಂದರತಿದ್ದಿ. ಏನರೆ ಅನ್ನಬೇಕಲ್ಲ."

ಸಿಟ್ಟು ಬರಬೇಕಿತ್ತು, ನಗು ಬಂತು. ಅವರಿಗೂ ಬಂತು. ಮಾಸ್ಕು ತೋಯುವಷ್ಟು ನಕ್ಕೆವು, ಪಕ್ಕದಲ್ಲಿ ಹೋಗುತ್ತಿದ್ದ ಲಾರಿಯವನು ಬಗ್ಗಿ ನೋಡಿದ. ಮೊದಲು ನಗು ನಿಂತದ್ದು ಅವರದು.

"ಗ್ಯಾಸಿನ ನಳಿಗಿ ಬದಲಿ ಮಾಡಸೂದಿತ್ತು, ಮಾರ್ಚದಾಗ. ಎಲ್ಲಾ ಬಂದ್ ಆತು ಅಂತ ಬಿಟ್ಟಿವಿ. ಸೋರಿದ್ರ ನಿನಗ ವಾಸನಿ ಬರ್ತದ ಅಂತ ನಾ ಸುಮ್ಮನ ಇದ್ದೆ."

ನಾನೂ ಸುಮ್ಮನಿದ್ದದ್ದು ಅದೇ ಕಾರಣಕ್ಕೆ. ಅವರಿದ್ದಾರಲ್ಲ ಎಂದು. ಎರಡೂವರೆ ತಿಂಗಳು, ಹಳೆಯ ನಳಿಗೆ ಹಚ್ಚಿದ ಒಲೆಯನ್ನು ದಿನಕ್ಕೆ ನಾಲ್ಕು ಸಲ ಹೊತ್ತಿಸುತ್ತ, ಇಬ್ಬರೂ ಇನ್ನೊಬ್ಬರ ಮೂಗಿನ ಮೇಲೆ ಭಾರ ಹಾಕಿ ಆ ಮನೆಯಲ್ಲಿ ಮಲಗಿ ಎದ್ದಿದ್ದೆವು.

ಮನೆ ಮುಟ್ಟಿದೆವು. ಬೀಗ ತೆಗೆದದ್ದಾಯಿತು. ಅವರ ಕೈ ದೀಪದ ಗುಂಡಿಯ ಕಡೆ ಹೋಯಿತು, ನಾನು ಹಿಡಿದು ನಿಲ್ಲಿಸಿದೆ. ಕತ್ತಲಲ್ಲೇ ಕಿಟಕಿಗಳನ್ನೆಲ್ಲ ತೆರೆದು, ಹೊರಗೆ ಬಂದು, ಕಂಪೌಂಡಿನ ಹತ್ತಿರ ನಿಂತು ಪಕ್ಕದ ಮನೆಯಾಕೆಯನ್ನು ಕರೆದೆ. ಎದುರಿನ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದವರೂ ಇತ್ತ ನೋಡಿದರು. ನಮ್ಮವರು ನನ್ನ ಹಿಂದೆಯೇ ನಿಂತಿದ್ದರು, ತಡೆಯಲಿಲ್ಲ.

"ಒಂದ ಸ್ವಲ್ಪ ಬಾಗಲ ತನಕ ಬಂದು ಗ್ಯಾಸಿನ ವಾಸನಿ ಬರ್ತದೇನ ನೋಡ್ರಿ" ಅಂದೆ, ಓಣಿಗೆಲ್ಲ ಕೇಳುವ ಹಾಗೆ. "ನಮಗ ಜ್ವರ ಬಂದು ಹೋಗೇದ. ಇಬ್ಬರಿಗೂ ಮೂಗಿಗೆ ಏನೂ ಬರೂದಿಲ್ಲ."