ತೋರಿಸದೆ ಮಡಚಿಟ್ಟ ಹಾಳೆ

ಲಿಲ್ಲಿ ಸಿಸ್ಟರ್, ನಮ್ಮ ಕುವೈತ್ ಸಂಘದ ಅಧ್ಯಕ್ಷ ಚುನಾವಣೆಯಲ್ಲಿ ನಿಮ್ಮನ್ನು ಸೋಲಿಸಿದ್ದು ನಾನು. ಎದುರಾಳಿಯಲ್ಲ, ನಾನು. ಹತ್ತು ವರ್ಷ ಬಾಯಿ ಮುಚ್ಚಿಕೊಂಡು ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತಿದ್ದೇನೆ — ಥೂ!

ಅಮೆರಿಕದಲ್ಲಿ ದೇಶದಲ್ಲೆಲ್ಲ ಹೆಚ್ಚು ಮತ ಪಡೆದವರು ಅಧ್ಯಕ್ಷರಾಗದೆ ಹೋದದ್ದನ್ನು ಟಿವಿಯಲ್ಲಿ ನೋಡಿ, ಸಂಘದಲ್ಲಿ ಪಾಠ ಹೇಳಿದವನು ನಾನೇ: ದೇಶದ ಒಟ್ಟು ಸಮೀಕ್ಷೆ ನಂಬಿ ಕೂರಬೇಡಿ, ಗೆಲ್ಲಬೇಕಾದದ್ದು ರಾಜ್ಯಗಳನ್ನು. ನಮ್ಮ ನಿಯಮವೂ ಅಂಥದ್ದೇ. ಐದು ಏರಿಯಾಗಳಲ್ಲಿ ಮೂರನ್ನು ಗೆದ್ದವರು ಅಧ್ಯಕ್ಷರು.

ಚುನಾವಣೆಗೆ ಮೊದಲು ದಿನವೂ ಸಂಜೆ ಆರರಿಂದ ಏಳರವರೆಗೆ ಸದಸ್ಯರಿಗೆಲ್ಲ ಫೋನ್ ಮಾಡಿ ಅಭಿಪ್ರಾಯ ಕೇಳಿದೆ. ಒಟ್ಟಿನಲ್ಲಿ ನೀವು ಬಹಳ ಮುಂದೆ. ಆದರೆ ಆ ಮುನ್ನಡೆಯೆಲ್ಲ ಜಾಬ್ರಿಯಾ ಏರಿಯಾದ ನಿಮ್ಮ ನರ್ಸುಗಳದ್ದು. ಎರಡು ಏರಿಯಾ ನಿಮ್ಮದು, ಎರಡು ಎದುರಾಳಿಯದು. ಐದನೆಯದಾದ ಮೈದಾನ್ ಹವಲ್ಲಿಯಲ್ಲಿ ನೀವು ಸ್ವಲ್ಪವೇ ಹಿಂದೆ.

ಸಂಘದ ಮೆಟ್ಟಿಲ ಮೇಲೆ ನೀವು ನಿಲ್ಲಿಸಿ ಕೇಳಿದಿರಿ.

“ಸರ್, ಶುಕ್ರವಾರ ಮೈದಾನ್ ಹವಲ್ಲಿಯ ಮನೆಗಳಿಗೆ ಒಂದು ಸುತ್ತು ಹೋಗ್ಬೇಕಾ? ಡ್ಯೂಟಿ ಬದಲಿಸಿಕೊಳ್ತೇನೆ.”

“ಬೇಡ ಸಿಸ್ಟರ್. ಎಲ್ಲ ಕಡೆ ನೀವೇ ಮುಂದೆ.”

“ಖಲಾಸ್, ಮುಗೀತಲ್ಲ! ಹಾಗಾದ್ರೆ ಡ್ಯೂಟಿ ಯಾಕೆ ಬದಲಿಸ್ಲಿ? ಸೋತರೆ ಮಾತ್ರ ನಿಮಗೆ ದಪ್ಪ ಸೂಜಿಯ ಇಂಜೆಕ್ಷನ್!”

ನಾನೂ ನಕ್ಕೆ. ಏರಿಯಾವಾರು ಹಾಳೆ ಜೇಬಿನಲ್ಲಿ ನಾಲ್ಕು ಮಡಿಕೆಯಾಗಿ ಕೂತಿತ್ತು.

ಗೆದ್ದರೆ ಮನೆಕೆಲಸದ ಹೆಂಗಸರಿಗೂ ಸದಸ್ಯತ್ವ ಕೊಡಿಸುತ್ತೇನೆ ಎಂದಿದ್ದಿರಿ. ನಾನೋ, ಐದಕ್ಕೆ ಸರಿಯಾಗಿ ಸಭೆಯ ಬಾಗಿಲಿಗೆ ಚಿಲಕ ಹಾಕುವವನು. ಯಾರದೋ ಮನೆಯ ಪಾತ್ರೆ ಮುಗಿಸಿ ಬರುವವರು ಐದಕ್ಕೆ ಬಂದಾರೆಯೇ, ಶಿಸ್ತು ಕೆಡುತ್ತದೆ ಎನ್ನುತ್ತಿದ್ದೆ — ಶಿಸ್ತಂತೆ! ಆ ಹೆಂಗಸರ ಪಕ್ಕ ಕೂರುವ ಮನಸ್ಸಿರಲಿಲ್ಲ ನನಗೆ. ಗಡಿಯಾರ ಬರೀ ನೆಪ.

ಎಣಿಕೆ ಮುಗಿದಾಗ ಒಟ್ಟು ಮತದಲ್ಲಿ ನೀವೇ ಹೆಚ್ಚು. ಮೈದಾನ್ ಹವಲ್ಲಿ ಮಾತ್ರ ಮೂರು ಮತದಲ್ಲಿ ಕೈತಪ್ಪಿತು. ಅಷ್ಟಕ್ಕೇ ಸೋತಿರಿ.

“ಸಮೀಕ್ಷೆ ತಪ್ಪಿದ್ರೆ ನೀವೇನು ಮಾಡ್ತೀರಿ ಸರ್, ಬೇಜಾರು ಮಾಡ್ಕೋಬೇಡಿ” ಎಂದು ನನ್ನನ್ನೇ ಸಮಾಧಾನ ಮಾಡಿದಿರಿ. ಸಮೀಕ್ಷೆ ತಪ್ಪಿರಲಿಲ್ಲ, ಸಿಸ್ಟರ್. ಒಂದು ಮತದಷ್ಟೂ —

ಆ ಹೆಂಗಸರು ಇಂದಿಗೂ ಹೊರಗೇ ಇದ್ದಾರೆ.

ಈ ಶುಕ್ರವಾರ ಆ ಹಾಳೆಯನ್ನು ಸಭೆಯ ಮುಂದೆ ಓದಿ, ಕುರ್ಚಿ ಬಿಡುತ್ತೇನೆ. ಆ ಹೆಂಗಸರಿಗೂ ಹೇಳಿಕಳಿಸಿದ್ದೇನೆ. ಪಾತ್ರೆ ಮುಗಿಸಿ ಎಷ್ಟು ಹೊತ್ತಿಗಾದರೂ ಬರಲಿ, ಅವರು ಕೂತ ಮೇಲೆಯೇ ಓದುವುದು.