ಇಂಟರ್ವಲ್ಲಿನ ಆಚೆಯ ಕತೆ

ಬೆಹಾಲಾದ ಆ ಹಳೆಯ ಚಿತ್ರಮಂದಿರದ ಕ್ಯಾಂಟೀನಿನಲ್ಲಿ, ಕರಾವಳಿಯ ಊರು ಬಿಟ್ಟು ಬಂಗಾಳಿಗಳ ನಡುವೆ ನೆಲೆಸಿದ್ದ ಮುರಾರಿ ರಾಯರು ಇಪ್ಪತ್ತೆಂಟು ವರ್ಷ ಬೋಂಡ ಕರಿದರು, ಆದರೆ ಒಂದೇ ಒಂದು ಸಿನಿಮಾವನ್ನೂ ಕೊನೆಯವರೆಗೆ ನೋಡಿರಲಿಲ್ಲ. ಆಸೆ ಬೇಕಾದಷ್ಟಿತ್ತು, ಪುರಸೊತ್ತಿರಲಿಲ್ಲ. ಮೊದಲರ್ಧವನ್ನು ಬಾಗಿಲ ಸಂದಿಯಿಂದ ಒಂದಿಷ್ಟು ನೋಡಿ, ಒಂದಿಷ್ಟು ಕೇಳಿ, ಇಂಟರ್ವಲ್ಲಿಗೆ ಹತ್ತು ನಿಮಿಷವಿರುವಾಗ ಎಣ್ಣೆಗೆ ಬೋಂಡ ಬಿಡಬೇಕು. ಇಂಟರ್ವಲ್ ಮುಗಿದ ಮೇಲೆ ಪಾತ್ರೆ ತೊಳೆದು, ಮುಂದಿನ ಆಟಕ್ಕೆ ಹಿಟ್ಟು ಕಲಸಬೇಕು. ಉಳಿದರ್ಧ ನಲ್ಲಿಯ ಸದ್ದಿನಲ್ಲೇ ಮುಗಿಯುತ್ತಿತ್ತು.

ಹೆಂಡತಿ ಪ್ರಭಾವತಿಗೆ ಇದು ಗೊತ್ತಿರಲಿಲ್ಲ. ಕತ್ತಲಲ್ಲಿ ಕೂತರೆ ತಲೆನೋವೆಂದು ಅವಳು ಸಿನಿಮಾಕ್ಕೆ ಹೋಗುತ್ತಿರಲಿಲ್ಲ. ಬೆಳಿಗ್ಗೆ ಅವಳು ಬೋಂಡಕ್ಕೆ ಬಟಾಟೆ ಸುಲಿಯುತ್ತ ಕೂತರೆ ಇವರು ಎದುರಿಗೆ ಮೆಣಸಿನಕಾಯಿ ಹೆಚ್ಚುತ್ತ ಕತೆ ಹೇಳಬೇಕು. ಮದುವೆಯಾದ ವರ್ಷದಿಂದ ಬಂದ ಪದ್ಧತಿ. "ಮತ್ತೆ ಎಂತಾಯ್ತು?" ಎಂದು ಕೇಳದೆ ಬಿಡುವವಳಲ್ಲ ಅವಳು. ಹಾಗಾಗಿ ಇಂಟರ್ವಲ್ಲಿನ ಆಚೆಯದನ್ನೆಲ್ಲ ರಾಯರೇ ಕಟ್ಟುತ್ತಿದ್ದರು. ಅವರ ಕತೆಗಳಲ್ಲಿ ಓಡಿಹೋದ ಮಗ ಮನೆಗೆ ಮರಳುತ್ತಿದ್ದ, ಸಾಯಬೇಕಾದವರು ಯಾರೂ ಸಾಯುತ್ತಿರಲಿಲ್ಲ. ಮೆದು ಮನುಷ್ಯ, ಕೊಲ್ಲಲು ಮನಸ್ಸೇ ಬರುತ್ತಿರಲಿಲ್ಲ.

೨೦೦೬ರ ಚಳಿಗಾಲದಲ್ಲಿ ಮನೆಯಲ್ಲೇ ಯುದ್ಧ ಶುರುವಾಯಿತು. ಸಾಲ್ಟ್ ಲೇಕಿನ ಸಾಫ್ಟ್‌ವೇರ್ ಕಂಪೆನಿಯಲ್ಲಿದ್ದ ಮಗಳು ಶರ್ಮಿಳಾ, ಜೊತೆಗೆ ಕೆಲಸ ಮಾಡುವ ಬಂಗಾಳಿ ಬ್ರಾಹ್ಮಣರ ಹುಡುಗ ಅರ್ಘ್ಯ ಚಕ್ರವರ್ತಿಯನ್ನು ಮದುವೆಯಾಗುತ್ತೇನೆಂದಳು.

"ಮೀನು ತಿನ್ನುವ ಬ್ರಾಹ್ಮಣರು ಅಂತ ಉಂಟಾ ಲೋಕದಲ್ಲಿ? ನಾನಿರುವ ತನಕ ಆಗುದಿಲ್ಲ," ಎಂದು ಪ್ರಭಾವತಿ ಮಗಳೊಡನೆ ಮಾತು ಬಿಟ್ಟಳು. ಹಟದಲ್ಲಿ ಮಗಳೂ ಅಮ್ಮನಿಗೆ ತಕ್ಕ ಮಗಳೇ. ಕಂಪೆನಿಯ ಹತ್ತಿರ ಬೇರೆ ಕೋಣೆ ಹುಡುಕತೊಡಗಿದಳು. ರಾಯರು ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಂತಾದರು. ಇರುವವಳು ಒಬ್ಬಳೇ ಮಗಳು, ಅವಳೂ ಮುನಿಸಿಕೊಂಡು ಹೊರಟರೆ ಹೇಗೆ ಬದುಕುವುದು ಎಂಬುದೊಂದೇ ಅವರ ಚಿಂತೆ.

ಆ ವಾರ ಬಂದದ್ದು ಯುದ್ಧದ ಸಿನಿಮಾ. ಗಾಯಗೊಂಡ ಈ ಕಡೆಯ ಸೈನಿಕನನ್ನು ಶತ್ರುದೇಶದ ಹುಡುಗಿ ಕೊಟ್ಟಿಗೆಯಲ್ಲಿ ಬಚ್ಚಿಟ್ಟು ಉಳಿಸುತ್ತಾಳೆ, ಪ್ರೀತಿಯಾಗುತ್ತದೆ, ಅವನನ್ನು ಹುಡುಕಿಕೊಂಡು ಅವಳ ಅಣ್ಣಂದಿರು ಬರುವಾಗ ಇಂಟರ್ವಲ್. ಮುಂದಿನದನ್ನು ರಾಯರು ಮರುದಿನ ಬೆಳಿಗ್ಗೆ ಬೇಕೆಂದೇ ಕಟ್ಟಿದರು: ಹುಡುಗಿಯ ತಾಯಿ ಬಾಗಿಲು ತೆರೆದು ಸೈನಿಕನನ್ನು ಒಳಗೆ ಕರೆದು ಊಟಕ್ಕೆ ಬಡಿಸಿದಳಂತೆ. ಅಣ್ಣಂದಿರು ಕೋವಿ ಹಿಡಿದು ಬಂದರೆ, "ಇವ ನನ್ನ ಮನೆಯಲ್ಲಿ ಉಂಡವ, ಮುಟ್ಟಬೇಡಿ," ಎಂದು ಅಡ್ಡ ನಿಂತಳಂತೆ.

ಕತೆ ಕೇಳಿದ ಮೂರನೆಯ ಬೆಳಿಗ್ಗೆ ಪ್ರಭಾವತಿ ಮಗಳಿಗೆ ದೋಸೆ ಹಾಕಿಕೊಟ್ಟು, "ಆ ಹುಡುಗನನ್ನು ಒಮ್ಮೆ ಕರ್ಕೊಂಡು ಬಾ. ಯುದ್ಧದ ಮಧ್ಯೆ ಒಬ್ಬಳು ತಾಯಿ ಅಷ್ಟು ಮಾಡಿದ್ರೆ, ನನ್ನದು ಎಂತ ದೊಡ್ಡದು?" ಎಂದಳು.

ಶರ್ಮಿಳಾಗೆ ಸಂತೋಷ ತಡೆಯಲಾಗಲಿಲ್ಲ. ಅಪ್ಪನನ್ನು ಕೇಳದೆ ಭಾನುವಾರದ ಮ್ಯಾಟಿನಿಗೆ ಎರಡು ಬಾಲ್ಕನಿ ಟಿಕೆಟ್ ತಂದುಬಿಟ್ಟಳು. "ಆ ಅಮ್ಮನ್ನ ನಾವಿಬ್ರೂ ನೋಡೋಣ ಅಮ್ಮಾ, ಪ್ಲೀಸ್!"

"ತಲೆನೋವು ಬರ್ತದೆ ಮಾರಾಯ್ತಿ," ಎಂದು ರಾಯರು ಹೆಂಡತಿಯನ್ನು ತಡೆಯಲು ನೋಡಿದರು.

"ಬರ್ಲಿ. ಆ ಅಮ್ಮನನ್ನು ನಾನು ನೋಡ್ಲೇಬೇಕು."

ಭಾನುವಾರ ಇಂಟರ್ವಲ್ ಮುಗಿದ ಮೇಲೆ ರಾಯರು ಪಾತ್ರೆಗಳನ್ನು ಹಾಗೆಯೇ ಬಿಟ್ಟು ಬಾಲ್ಕನಿಯ ಹಿಂದಿನ ಗೋಡೆಗೆ ಒರಗಿ ನಿಂತರು. ಜೀವಮಾನದಲ್ಲಿ ಅವರು ನೋಡಿದ ಮೊದಲ ಉತ್ತರಾರ್ಧ ಅದು. ತೆರೆಯ ಮೇಲೆ ತಾಯಿಯೇನೋ ಇದ್ದಳು. ಸೈನಿಕ ಬಾಗಿಲು ಬಡಿದ. ಅವಳು ಒಳಗಿನಿಂದ ಚಿಲಕ ಹಾಕಿದಳು. ಅವನು ಹೊಸ್ತಿಲಲ್ಲೇ ಗುಂಡೇಟಿಗೆ ಬಿದ್ದ. ಹುಡುಗಿ ತಾಯಿಯ ಮುಖ ನೋಡದೆ ಮನೆ ಬಿಟ್ಟು ನಡೆದಳು, ಮತ್ತೆ ಬರಲಿಲ್ಲ. ಎಲ್ಲ ಕೆಟ್ಟಿತು ಅಂದುಕೊಂಡರು ರಾಯರು. ಮೆಟ್ಟಿಲಿಳಿದು ಕ್ಯಾಂಟೀನಿಗೆ ಮರಳಿದರು.

ಹೊರಗೆ ಬಂದ ಪ್ರಭಾವತಿ ಕ್ಯಾಂಟೀನಿನ ಎದುರು ನಿಂತಳು. ಪಕ್ಕದಲ್ಲಿ ಶರ್ಮಿಳಾ ಬಿಳಿಚಿಕೊಂಡಿದ್ದಳು.

"ಅವಳು ಬಾಗಿಲು ತೆಗೀಲೇ ಇಲ್ಲ," ಎಂದಳು ಪ್ರಭಾವತಿ. "ಇಷ್ಟು ವರ್ಷ ಹೇಳಿದ್ದೆಲ್ಲ ಹೀಗೆಯಾ?"

"ಹೌದು," ಎಂದರು ರಾಯರು. "ಕೊನೆ ನಾನು ಯಾವತ್ತೂ ನೋಡ್ಲೇ ಇಲ್ಲ. ಸುಳ್ಳು ಹೇಳಿದೆ."

ಪ್ರಭಾವತಿಯ ಕಣ್ಣಲ್ಲಿ ಸಿಟ್ಟಿತ್ತು, ನೀರೂ ಇತ್ತು.

"ಆ ಅಮ್ಮನಿಂದ ಆಗಿದೆ, ನನ್ನಿಂದಲೂ ಆದೀತು ಅಂತ ಧೈರ್ಯ ಮಾಡಿದ್ದೆ. ಅಂಥವಳು ಎಲ್ಲಿಯೂ ಇಲ್ಲ ಅಂತಾಯ್ತು. ಇನ್ನು ನಾನೊಬ್ಬಳೇ ಮಾಡ್ಬೇಕಲ್ಲ ಮಾರಾಯ್ರೆ."

ಸೆರಗಿನಿಂದ ಮುಖ ಒರೆಸಿಕೊಂಡು ಮಗಳ ಕಡೆ ತಿರುಗಿದಳು. "ಅರ್ಘ್ಯನ ಅಮ್ಮನಿಗೆ ಫೋನ್ ಮಾಡಿ ಕೊಡು. ನಾನೇ ಮನೆಗೆ ಕರೀತೇನೆ."