ಟವರಿನಲ್ಲಿ ನಾನು ಆಡದ ಮಾತು

ಸುಮಾರು ಹತ್ತು ವರ್ಷಗಳ ಹಿಂದೆ ನಾನು ಉತ್ತರ ಭಾರತದ ಒಂದು ವಾಯುನೆಲೆಯಲ್ಲಿ ಏರ್ ಟ್ರಾಫಿಕ್ ಕಂಟ್ರೋಲರ್ ಆಗಿದ್ದೆ. ಟವರಿನ ಗಾಜಿನ ಕೋಣೆಯಲ್ಲಿ ಕೂತು ವಿಮಾನಗಳಿಗೆ ಏಳಲು, ಇಳಿಯಲು ಅನುಮತಿ ಕೊಡುವುದು ನನ್ನ ಕೆಲಸ. ಮೈಸೂರಿನ ಅಗ್ರಹಾರದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಅಪ್ಪ, ಬಾಯಿ ಮುಚ್ಚದ ಮಗಳಿಗೆ ಸರ್ಕಾರ ಮಾತಾಡಲು ಸಂಬಳ ಕೊಡುತ್ತಿದೆ ಎಂದು ನಗುತ್ತಿದ್ದರು.

ಒಂದು ಬೆಳಿಗ್ಗೆ ಎರಡು ಫೈಟರ್ ಜೆಟ್‌ಗಳು ಫಾರ್ಮೇಶನ್ ಟೇಕ್‌ಆಫ್‌ಗೆ ಬಂದು ನಿಂತವು. ಅಂದರೆ ಒಂದೇ ರನ್‌ವೇಯಲ್ಲಿ ಜೋಡಿಯಾಗಿ ಓಡಿ ಒಟ್ಟಿಗೆ ಮೇಲೇಳುವುದು. ಎಡ ಅರ್ಧ ಲೀಡರ್‌ಗೆ, ಬಲ ಅರ್ಧ ಸ್ವಲ್ಪ ಹಿಂದಿರುವ ‘ಟೂ’ಗೆ. ಟೂ ಆದವನು ದಾರಿ ನೋಡುವುದಿಲ್ಲ. ಅವನ ಕಣ್ಣು ಲೀಡರ್‌ನ ರೆಕ್ಕೆಯ ಮೇಲೆಯೇ. ಅಂದಿನ ಲೀಡರ್ ವಿಂಗ್ ಕಮಾಂಡರ್ ರಾಠೋಡ್; ಟೂ ಇನ್ನೂ ಹೊಸಬ.

ಅನುಮತಿ ಕೊಟ್ಟೆ. ಜೋಡಿ ವೇಗ ಹಿಡಿಯುತ್ತಿದ್ದಂತೆ ಲೀಡರ್‌ನ ಎಂಜಿನ್ನಿಗೆ ಹಕ್ಕಿ ಬಡಿಯಿತು. ಅವರು ಬ್ರೇಕ್ ಹಾಕಿದರು. ಟೈರ್ ಒಡೆದು ಜೆಟ್ ಬಲಕ್ಕೆ, ಟೂನ ದಾರಿಗೇ ಎಳೆಯತೊಡಗಿತು. ನನ್ನ ಹೆಬ್ಬೆರಳು ಮೈಕ್‌ನ ಬಟನ್ ಮೇಲಿತ್ತು. ಕಿರುಚಬೇಕೆನಿಸಿತು. ಆದರೆ ರೇಡಿಯೊದಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ಕೇಳಿಸುವುದಿಲ್ಲ, ಬರೀ ಕೀರಲು ಸದ್ದು. ಜೆಟ್ ಎಷ್ಟು ಹಿಡಿತದಲ್ಲಿದೆ ಎಂಬುದು ಗೊತ್ತಿದ್ದದ್ದು ರಾಠೋಡ್ ಒಬ್ಬರಿಗೇ. ಬಟನ್ ಒತ್ತದೆ ಸುಮ್ಮನಿದ್ದೆ.

“ಟೂ, ಗೋ! ಡೋಂಟ್ ಬ್ರೇಕ್!”

ಅವರ ದನಿ ಸ್ಪಷ್ಟವಾಗಿ ಬಂತು. ಅವರನ್ನು ನೋಡಿ ಟೂ ಕೂಡ ಬ್ರೇಕ್ ಹಾಕಿದ್ದರೆ ನೇರ ಹೋಗಿ ಗುದ್ದುತ್ತಿದ್ದ. ಅವನು ಜೆಟ್‌ನ ಮೂಗು ಎತ್ತಿದ. ಲೀಡರ್‌ನ ರೆಕ್ಕೆಯ ತುದಿಯ ಮೇಲೆಯೇ ಹಾದು ಮೇಲಕ್ಕೇರಿದ. ಆಮೇಲಷ್ಟೇ ನಾನು ಬಟನ್ ಒತ್ತಿ ಅಗ್ನಿಶಾಮಕ ವಾಹನ ಕರೆದೆ.

ಕೆಲವೇ ದಿನಗಳಲ್ಲಿ ಮೈಸೂರಿನ ಪತ್ರಿಕೆಯೊಂದರಲ್ಲಿ ಸುದ್ದಿ ಬಂತು: ‘ಮೈಸೂರಿನ ಮಗಳ ಒಂದೇ ಕೂಗಿಗೆ ಉಳಿದವು ಎರಡು ಜೀವ.’ ನಾನು ಆಡದ ಮಾತುಗಳನ್ನೆಲ್ಲ ನನ್ನ ಬಾಯಲ್ಲಿ ಆಡಿಸಿದ್ದರು. ಲೀಡರ್‌ನದು ಮಾತ್ರ ‘ಅಚಾತುರ್ಯ’ವಂತೆ. ಕಾಪಾಡಿದವರ ಹೆಸರಿಗೆ ಮಸಿ, ನನಗೆ ಹಾರ. ವಿಚಾರಣೆಯಲ್ಲಿ ರೇಡಿಯೊ ರೆಕಾರ್ಡಿಂಗ್ ಕೇಳಿ ರಾಠೋಡ್ ಅವರನ್ನು ಮೆಚ್ಚಿದರು ನಿಜ, ಆದರೆ ಸಮವಸ್ತ್ರದಲ್ಲಿರುವವರು ತಾವಾಗಿ ಪತ್ರಿಕೆಗೆ ಉತ್ತರ ಬರೆಯುವಂತಿಲ್ಲ. ರಾಠೋಡ್ ಮಾತ್ರ ಫೋನ್ ಮಾಡಿ, ಸುಮ್ಮನಿದ್ದದ್ದಕ್ಕೆ ಥ್ಯಾಂಕ್ಸ್ ಎಂದು ನಕ್ಕರು.

ರಜೆಗೆ ಊರಿಗೆ ಬಂದರೆ ಆ ಸುದ್ದಿ ಲ್ಯಾಮಿನೇಟ್ ಆಗಿ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ತೂಗುತ್ತಿತ್ತು.

“ಅಪ್ಪಾ, ನಾನು ತುಟಿಪಿಟಿಕ್ ಅಂದಿಲ್ಲ. ಕಾಪಾಡಿದ್ದು ರಾಠೋಡ್ ಸರ್,” ಎಂದೆ.

“ನೀನು ಸುಮ್ನಿದ್ದೆ ಅಂದ್ರೆ ಈ ಅಗ್ರಹಾರದಲ್ಲಿ ಯಾರು ನಂಬ್ತಾರೆ ಕಣಮ್ಮ?”

ಆದರೂ ಪೂರ್ತಿ ಕೇಳಿಸಿಕೊಂಡರು. ಗೋಡೆಯಿಂದ ಅದನ್ನು ತೆಗೆಯಲಿಲ್ಲ. ಸಂಜೆ ಗಿರಾಕಿಯೊಬ್ಬರು ಓದುತ್ತಾ ನಿಂತಾಗ ಅಪ್ಪ ಹೇಳುವುದು ಒಳಗಿದ್ದ ನನಗೆ ಕೇಳಿಸಿತು: “ಪೇಪರ್‌ನೋರು ತಪ್ಪು ಬರ್ದ್ಬುಟ್ಟವ್ರೆ ಕಣ್ರೀ. ಉಳಿಸಿದ್ದು ಆ ಲೀಡರ್ರು. ನಮ್ಮುಡುಗಿ ಮಧ್ಯೆ ಬಾಯಿ ಹಾಕ್ಲಿಲ್ಲ, ಅಷ್ಟೇ.” ಆಮೇಲೆ ಬಂದವರಿಗೆಲ್ಲ ಹಾಗೇ ಹೇಳುತ್ತಿದ್ದರಂತೆ.

ಸೇವೆ ಮುಗಿಸಿ ಈಗ ಮೈಸೂರಿನ ಕುಂಬಾರಕೊಪ್ಪಲಿನಲ್ಲಿದ್ದೇನೆ. ಅಪ್ಪ ಇಲ್ಲ, ಅಂಗಡಿಯೂ ಇಲ್ಲ. ಮಂಡಕಳ್ಳಿ ವಿಮಾನ ನಿಲ್ದಾಣದ ಕಡೆ ವಿಮಾನ ಹೋದರೆ ಟವರ್ ನೆನಪಾಗಿ ಹೆಬ್ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಗೊತ್ತಿರುವವರ ಮಾತಿಗೆ ದಾರಿ ಬಿಡುವುದೂ ಕೆಲಸವೇ ಎಂದು ಆ ಬೆಳಗು ನನಗೆ ಕಲಿಸಿತು. ರೇಡಿಯೊದಲ್ಲಿ ಬಂದ ಆ ದನಿ, ಗಲ್ಲಾದ ಹಿಂದಿನ ಅಪ್ಪನ ದನಿ, ಎರಡನ್ನೂ ಇನ್ನೊಮ್ಮೆ ಕೇಳಬೇಕೆನಿಸುತ್ತದೆ. ನಾನು ಮಧ್ಯೆ ಬಾಯಿ ಹಾಕುವುದಿಲ್ಲ.